ತುದಿಯ ಹಣ್ಣು

ಇಬ್ಬನಿ ಹೆಪ್ಪುಗಟ್ಟತೊಡಗಿತ್ತು. ಇನ್ನು ತಡಮಾಡಿದರೆ ಟೊಮೇಟೊದಂಥ, ಕಿತ್ತಳೆ ಬಣ್ಣದ ಕಾಕಿ ಕಾಯಿ ಮರದಲ್ಲೇ ಮೆತ್ತಗಾಗಿ, ಒಣಗಿಸಲು ಬಾರದೆ ಹೋಗುತ್ತದೆ. ಈದಾ ಪಟ್ಟಣದ ಮೇಲ್ಕೇರಿಯಲ್ಲಿ ಎಲ್ಲ ಮನೆಗಳ ಸೂರಿನಿಂದಲೂ ಸಿಪ್ಪೆ ಹೆರೆದ ಕಾಯಿಗಳ ಸರ ಇಳಿಬಿದ್ದಿತ್ತು. ಕಿಕುಯೆ ಜಗಲಿಯಲ್ಲಿ ಕೂತು ಸಿಪ್ಪೆ ಹೆರೆಯುತ್ತಿದ್ದಳು. ಮೈದುನ ಯಾಸುಜಿ ಎದುರಿಗೆ ಕೂತು ಕಾಯಿಯ ತೊಟ್ಟಿಗೆ ದಾರ ಸುತ್ತುತ್ತಿದ್ದ. ಅಂಗಳದ ಮರದ ಮೇಲುಗಡೆ ಇನ್ನೂ ಒಂದು ಬುಟ್ಟಿಯಷ್ಟು ಕಾಯಿ ಹಾಗೇ ಉಳಿದಿದ್ದವು. ಅದು ಕಿಕುಯೆಯ ಗಂಡ ನೆಟ್ಟ ಮರ. ಅವನು ಹೋದ ಮೇಲೆ ವರ್ಷವರ್ಷವೂ ಹತ್ತುತ್ತಿದ್ದವನು ಯಾಸುಜಿ. ಈ ಬೇಸಿಗೆಯಲ್ಲಿ ಆಸ್ಪತ್ರೆಯಲ್ಲಿ ಮಂಡಿ ಕೊಯ್ಯಿಸಿಕೊಂಡಿದ್ದ.

"ನಾಳೆ ಹತ್ತುತ್ತೀನಿ ಅತ್ತಿಗೆ."

"ಹತ್ತು, ಹತ್ತು. ಇಳಿಸೋದಕ್ಕೆ ಬೆಂಕಿ ಆರಿಸೋ ಗಾಡಿಯವರಿಗೆ ಈಗಲೇ ಹೇಳಿಡ್ತೀನಿ."

ಅಷ್ಟರಲ್ಲಿ ಚಕ್ರದ ಪೆಟ್ಟಿಗೆಯ ಗಡಗಡ ಸದ್ದು ಬೇಲಿಯ ಬಳಿ ಬಂದು ನಿಂತಿತು. ಮಧ್ಯಾಹ್ನದ ರೈಲಿಗೆ ಬಂದಿಳಿದ ವಿದೇಶಿ ಹುಡುಗ. ಸೊಂಟ ಬಗ್ಗಿಸಿ ವಂದಿಸಿ, "ಕ್ಷಮಿಸಿರಿ. ನಾನು ದಾರಿಯನ್ನು ತಪ್ಪಿದ್ದೇನೆ. ಸುಗಿಯಾ ವಸತಿಗೃಹವು ಎಲ್ಲಿದೆ?" ಎಂದ. ಮಾತೆಲ್ಲ ಪುಸ್ತಕದಿಂದ ಕಲಿತದ್ದು.

"ಇದೇ ಬೀದೀಲಿ ಕೆಳಗಿಳಿಯಪ್ಪ. ಊರಿನ ಸ್ನಾನದ ಮನೆ ಸಿಗುತ್ತೆ, ಅದರ ಎಡಕ್ಕೆ," ಎಂದಳು ಕಿಕುಯೆ.

ಹುಡುಗ ಹೋಗಲಿಲ್ಲ. ಸೂರು, ಸರ, ದಾರ, ಸಿಪ್ಪೆಯ ರಾಶಿ ಒಂದೊಂದನ್ನೇ ನೋಡುತ್ತ ನಿಂತ.

"ಸಿಪ್ಪೆಯನ್ನು ಎಸೆಯುವಿರಾ?"

"ಎಸೆಯೋದೆ? ಮೂಲಂಗಿ ಉಪ್ಪಿನಕಾಯಿ ಪೀಪಾಯಿಗೆ ಹಾಕ್ತೀವಿ."

"ಎಷ್ಟು ದಿನ ಒಣಗಬೇಕು? ರಾತ್ರಿ ಒಳಗೆ ತರುವಿರಾ?"

"ನೀನೇನು ಪೊಲೀಸಿನವನೇನೋ?" ಎಂದು ಯಾಸುಜಿ ನಕ್ಕ. ಅಲ್ಲ, ಹೆಸರು ಅನ್ಸೆಲ್ಮೊ, ಚಿಲಿ ದೇಶದವನು, ಮನೆಯಲ್ಲಿ ದ್ರಾಕ್ಷಿ ತೋಟ. "ಬಳ್ಳಿಯಲ್ಲಿ ಒಂದು ಗೊಂಚಲು ಉಳಿದರೂ ನಮ್ಮ ತಂದೆಯವರು ಬೈಯುತ್ತಾರೆ," ಎಂದವನು ಮರದ ಕಡೆ ಕತ್ತೆತ್ತಿದ. "ನಾನು ಹತ್ತಲೇ?"

ಬೇಡ ಬೇಡ ಎನ್ನುವಷ್ಟರಲ್ಲಿ ಬೂಟು ಕಳಚಿಯಾಗಿತ್ತು. ಯಾಸುಜಿ ಕೋಲೂರಿಕೊಂಡು ಮರದ ಬುಡಕ್ಕೆ ಬಂದು ಕೂಗತೊಡಗಿದ. "ಆ ಕೊಂಬೆ ಬೇಡ, ಕಾಕಿ ಕೊಂಬೆ ಹೇಳದೆ ಕೇಳದೆ ಮುರಿಯುತ್ತೆ! ತೊಟ್ಟಿನ ಜೊತೆ ಚೂರು ಕಡ್ಡಿ ಉಳಿಸ್ಕೊಂಡು ಕತ್ತರಿಸು, ದಾರ ಕಟ್ಟಬೇಕು!" ಎಲ್ಲವನ್ನೂ ಹೇಳಿದ. ತುದಿಯ ಒಂದು ಹಣ್ಣನ್ನು ಮರಕ್ಕೇ ಬಿಟ್ಟು ಇಳಿ ಎಂದು ಮಾತ್ರ ಹೇಳಲಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹುಡುಗ ತುಂಬಿದ ಬುಟ್ಟಿಯೊಂದಿಗೆ ಇಳಿದ. ಎಲ್ಲಕ್ಕಿಂತ ಕೊನೆಗೆ ತುದಿಯಿಂದ ಕಿತ್ತದ್ದು ಕೈಯಲ್ಲೇ ಇತ್ತು. ಬಣ್ಣ ನೋಡಿದರೆ ಮಾಗಿದ ಹಣ್ಣೇ. "ಇದು ನನ್ನ ಕೂಲಿ," ಎಂದು ಕಚ್ಚಿಯೇಬಿಟ್ಟ. ಒಗರಿಗೆ ಮುಖವೆಲ್ಲ ಹಿಂಡಿಹೋಯಿತು, ನಾಲಗೆ ಹೊರಬಂತು. ಕಿಕುಯೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಯಾಸುಜಿಯೂ ನಕ್ಕ. ನಗುನಗುತ್ತಲೇ ಅವನ ಕಣ್ಣು ಮರದ ತುದಿಗೆ ಹೋಯಿತು. ನಗು ಅಲ್ಲೇ ನಿಂತಿತು.

"ಏನಾದರೂ ತಪ್ಪಾಯಿತೇ?"

"ಇಲ್ಲಪ್ಪ. ನಾಳೆ ಬಿಸಿಲು ಬರುತ್ತೋ ಇಲ್ವೋ ಅಂತ ನೋಡಿದೆ."

ಉಪಕಾರ ಮಾಡಿದವನಿಗೆ ತಪ್ಪು ಮಾಡಿದೆ ಎನ್ನುವುದು ಹೇಗೆ? ಕಿಕುಯೆ ಹೋದ ವರ್ಷದ ಒಣಹಣ್ಣನ್ನು ಕಾಗದದಲ್ಲಿ ಸುತ್ತಿಕೊಟ್ಟು, ತೀರ ಬಗ್ಗಿ ವಂದಿಸಿ ಕಳಿಸಿದಳು. ಪೆಟ್ಟಿಗೆಯ ಸದ್ದು ದೂರವಾದ ಮೇಲೆ ಯಾಸುಜಿ ಕೊರಗಿದ:

"ಹಕ್ಕಿ ಪಾಲನ್ನ ನಾವೇ ಕಿತ್ಕೊಂಡ ಹಾಗಾಯ್ತು. ಅಣ್ಣ ಜ್ವರದಲ್ಲಿ ಮಲಗಿದ್ದ ವರ್ಷ ಕೂಲಿಯವರು ಹೀಗೇ ಮರ ಬೋಳಿಸಿದ್ರು. ಮಾರನೇ ವರ್ಷ ಒಂದಾದರೂ ಕಾಯಿ ಬಿಡ್ತಾ?"

"ಆ ವರ್ಷ ಹೂವಿನ ಮೇಲೆ ಹಿಮ ಬಿದ್ದಿತ್ತು ಕಣೋ," ಎಂದಳು ಕಿಕುಯೆ. ಆದರೆ ಅವಳ ಚಾಕು ಸಿಪ್ಪೆಯ ಅರ್ಧದಲ್ಲೇ ನಿಂತಿತ್ತು.

ಬೀದಿಯಲ್ಲಿ ಎಲ್ಲೂ ಕಸದ ಡಬ್ಬಿ ಕಾಣದೆ ಅನ್ಸೆಲ್ಮೊ ಕಚ್ಚಿದ ಹಣ್ಣನ್ನು ಹಿಡಿದೇ ನಡೆಯುತ್ತಿದ್ದ. ಒಂದು ಅಂಗಳದ ಬೋಳು ಮರದ ತುದಿಯಲ್ಲಿ ಒಂದೇ ಒಂದು ಹಣ್ಣಿತ್ತು. ಎಟುಕದೆ ಬಿಟ್ಟಿರಬೇಕು ಎಂದುಕೊಂಡ. ಮುಂದಿನ ಮನೆಯ ಮರ ಆಳೆತ್ತರದ್ದು, ಅದರಲ್ಲೂ ಒಂದು. ಅದರಾಚೆಯದರಲ್ಲೂ ಒಂದು. ಸ್ನಾನದ ಮನೆಯ ಹಿಂದಿನ ಮರದಲ್ಲಿ ಪಿಕಳಾರವೊಂದು ಅಂಥ ಹಣ್ಣಿಗೆ ಕೊಕ್ಕು ಹಾಕಿ ಕೂತಿತ್ತು. ಅದನ್ನು ನೋಡುತ್ತ ನಿಂತವನು ಮೇಲ್ಕೇರಿಯತ್ತ ತಿರುಗಿದ. ಅಷ್ಟು ಮರಗಳ ನಡುವೆ ಪೂರಾ ಬೋಳಾಗಿ ನಿಂತದ್ದು ತಾನು ಹತ್ತಿದ್ದ ಮರವೊಂದೇ.

ಏದುಸಿರು ಬಿಡುತ್ತ ವಾಪಸು ಬಂದವನು, "ದಯವಿಟ್ಟು ದಾರವನ್ನು ಕೊಡಿರಿ," ಎಂದ. ಕಿಕುಯೆ ಕೊಟ್ಟಳು. ಅವನು ಮತ್ತೆ ಬೂಟು ಕಳಚಿ ಮರ ಹತ್ತಿದ.

"ಬುಟ್ಟೀಲಿ ಒಳ್ಳೇದಿದೆಯಲ್ಲೋ, ಕಚ್ಚಿದ್ದನ್ನ ಯಾಕೆ ಕಟ್ತೀಯ?" ಎಂದು ಯಾಸುಜಿ ಕೂಗಿದ.

"ಅಲ್ಲಿದ್ದದ್ದು ಇದೇ ಅಲ್ಲವೇ?" ಎಂದು ಮೇಲಿನಿಂದ ಉತ್ತರ ಬಂತು.

ಅವನು ಇಳಿದು, ವಂದಿಸಿ, ಎರಡನೆಯ ಸಲ ಹೊರಟುಹೋದ. ಕಚ್ಚಿದ ಹಣ್ಣು ದಾರದಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಪಿಕಳಾರವೊಂದು ಬಂದು ಕೂತಿತು. ಹಲ್ಲಿನ ಗುರುತಿಗೆ ಒಮ್ಮೆ ಕುಕ್ಕಿ, ತಲೆ ಒದರಿ ಹಾರಿಹೋಯಿತು.

"ನೋಡಿದಿರಾ ಅತ್ತಿಗೆ? ಹಕ್ಕಿ ಒಪ್ಪಲಿಲ್ಲ."

"ಇನ್ನೂ ಒಗರು. ಮೆತ್ತಗಾಗಲಿ, ಬರುತ್ತೆ."

"ಬರೋ ವರ್ಷ ಕಾಯಿ ಬಿಡದೆ ಹೋದರೆ?"

ಕಿಕುಯೆ ಹೊಸ ಬುಟ್ಟಿಯಿಂದ ಒಂದು ಕಾಯಿ ಎತ್ತಿಕೊಂಡು ಚಾಕು ಊರಿದಳು.

"ಕಾಯಿ ಬಿಟ್ಟರೆ ಹತ್ತೋರು ಯಾರು? ಅದನ್ನ ಯೋಚನೆ ಮಾಡು."