ಕೆನ್ನೆಹುಳು

ಮಾತ್ರೆ, ಇಂಜೆಕ್ಷನ್ ಎಲ್ಲ ಕೈಕೊಟ್ಟ ಮೇಲೆ ವಿಶಾಲಾಕ್ಷಿಗೆ ಉಳಿದದ್ದು ಕೆನ್ನೆಹುಳು ಒಂದೇ. ಜೀವಂತ ನುಂಗಿದರೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಕಳಚಿಹೋದ ನರದ ಪೊರೆಯನ್ನು ಅದು ಮತ್ತೆ ನೇಯುತ್ತದೆ. ಆದರೆ ಅದಕ್ಕೂ ಮೊದಲು ಆರೋಗ್ಯವಂತರೊಬ್ಬರು ಮೂರು ದಿನ ಅದನ್ನು ಕೆನ್ನೆಯಲ್ಲಿಟ್ಟುಕೊಂಡು, ಎಂಜಲು ಉಣಿಸಿ ಸಾಕಬೇಕು. ಓರಗಿತ್ತಿ ಕುಡಿದ ಲೋಟವನ್ನು ಹುಣಸೆಹಣ್ಣು ಹಚ್ಚಿ ಎರಡೆರಡು ಸಲ ತಿಕ್ಕಿಸುವ ವಿಶಾಲಾಕ್ಷಿಗೆ ಈಗ ಯಾರದೋ ಎಂಜಲೇ ಔಷಧಿ.

ನರ್ಸ್ ಫಿಲೋಮಿನಾ ಚಮಚದಲ್ಲಿ ಹುಳುವನ್ನು ಎತ್ತಿದಳು. ಬೆರಳುದ್ದದ ಅದಕ್ಕೆ ಸಿಂಬಳದ ಬಣ್ಣ; ಇನ್ನೂ ಬೆಚ್ಚಗಿತ್ತು.

"ಯಾರ ಬಾಯಲ್ಲಿತ್ತು ಸಿಸ್ಟರ್ ಇದು?"

"ಹೇಳೋ ಹಾಗಿಲ್ಲ ಅಕ್ಕ. ಸಾಕಿದವ್ರು ಈಗ್ತಾನೆ ಕೊಟ್ಟು ಹೋದ್ರು. ಕಡೀಬೇಡಿ, ಹಾಗೇ ನುಂಗಿ. ಜೊತೆಗೆ ಮನೆಯವ್ರು ಯಾರೂ ಬರ್ಲಿಲ್ವಾ?"

"ಮನೇಲಿ ಓರಗಿತ್ತಿ ಇದಾಳೆ, ಚಂದ್ರಮತಿ ಅಂತ. ಸೋಮವಾರದಿಂದ ಮುಖ ಊದಿಸ್ಕೊಂಡು ಕೂತಿದಾಳೆ. ಮಾತಾಡ್ಸಿದ್ರೂ ತುಟಿ ಬಿಚ್ಚಲ್ಲ."

ಹುಳು ನಾಲಿಗೆಯ ಮೇಲೆ ಹೊರಳಿತು. ಲೋಳೆ ಗಂಟಲಿಗೆ ಇಳಿಯಿತು, ಅದರ ಹಿಂದೆಯೇ ಲವಂಗ ಬೆರೆತ ಕಡ್ಡಿಪುಡಿಯ ಘಾಟು. ಲವಂಗ ಸೇರಿಸಿ ಕಡ್ಡಿಪುಡಿ ಜಗಿಯುವವಳು ಊರಿಗೆಲ್ಲ ಒಬ್ಬಳೇ, ಚಂದ್ರಮತಿ. ಸೋಮವಾರದಿಂದ ಇವತ್ತಿಗೆ ಮೂರು ದಿನ. ಹಾಗಾದರೆ ಊದಿದ್ದು ಮುಖವಲ್ಲ, ಕೆನ್ನೆ.

ಓಕರಿಕೆ ನುಗ್ಗಿ ಬಂತು. ನರ್ಸ್ ಬೇಸಿನ್ ಹಿಡಿದಳು. ವಿಶಾಲಾಕ್ಷಿ ಮರಗಟ್ಟಿದ ಎರಡೂ ಕೈಗಳಿಂದ ಬಾಯಿ ಒತ್ತಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದಳು.

"ಬಾಯಿ ಮುಕ್ಕಳಿಸ್ತೀರಾ ಅಕ್ಕ?"

"ಬೇಡ," ಎಂದಳು ವಿಶಾಲಾಕ್ಷಿ. "ಥೂ, ಗಲೀಜು ಹೆಂಗಸು! ಮೂರು ದಿನನಾದ್ರೂ ಆ ಹಾಳು ಕಡ್ಡಿಪುಡಿ ಬಿಡಬಾರದಿತ್ತಾ?"