ಅಣ್ಣ ಅಲ್ಲಾಡದೆ ಕುಳಿತ ಮಧ್ಯಾಹ್ನ

ಮರಕ್ಕೆ ಹಚ್ಚುವ ಪಾಲಿಶಿನ ವಾಸನೆ ಬಂದರೆ ಇಂದಿಗೂ ನನಗೆ ಅಣ್ಣನ ನೆನಪಾಗುತ್ತದೆ. ಮದ್ರಾಸಿನಲ್ಲಿ ಪಾನನಿಷೇಧವಿದ್ದ ಕಾಲದಲ್ಲಿ ಹೆಂಡ ಸಿಗದೆ, ಸ್ಪಿರಿಟ್ ಬೆರೆತ ಆ ಪಾಲಿಶನ್ನೇ ಕುಡಿದು ಕುಡಿದು ಅವನು ಇಪ್ಪತ್ಮೂರನೆಯ ವಯಸ್ಸಿಗೇ ತೀರಿಕೊಂಡ. ಆದರೆ ಕಣ್ಣಮುಂದೆ ಬರುವುದು ಅವನಿಗೆ ಹತ್ತು ವರ್ಷವಿದ್ದಾಗಿನ ಒಂದು ಭಾನುವಾರದ ಮಧ್ಯಾಹ್ನ.

ಅಣ್ಣನಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಪುಸ್ತಕ ತೆರೆದರೆ ಸಾಕು, ರೈಲು ನೋಡಲು ಕಿಟಕಿಗೆ ಓಡುತ್ತಿದ್ದ. ಮೇಷ್ಟರಿಂದ ಮತ್ತೆ ದೂರು ಬಂದಿತ್ತು. ಎಗ್ಮೋರ್ ರೈಲು ನಿಲ್ದಾಣದಲ್ಲಿ ಗುಮಾಸ್ತರಾಗಿದ್ದ ಅಪ್ಪ ತೆಂಗಿನ ನಾರಿನ ಹಗ್ಗದಿಂದ ಅವನ ಕಾಲನ್ನು ಮೇಜಿಗೆ ಕಟ್ಟಿ ಲೆಕ್ಕದ ಪುಸ್ತಕ ಮುಂದಿಟ್ಟರು.

"ಹತ್ತು ಕಣಕ್ಕು ಮುಗಿಸೋ ತನಕ ಏಳ್ಬಾರ್ದು. ಪುಟ್ಟಿ, ನೀನು ನೋಡ್ಕೊ," ಎಂದು ನನ್ನನ್ನು ಕಾವಲಿಗಿಟ್ಟು ಒಳಗೆ ಹೋಗಿ ಮಲಗಿದರು.

ಎರಡನೆಯ ಲೆಕ್ಕಕ್ಕೇ ಅಣ್ಣ ಬೆವರತೊಡಗಿದ. ನಾರು ಉಜ್ಜಿ ಕಣಕಾಲು ಕೆಂಪಾಗಿತ್ತು.

"ಕೂರಕ್ಕಾಗ್ತಿಲ್ಲ ಕಣೇ. ಒಂದೇ ಒಂದು ರೈಲು ನೋಡಿ ಬಂದ್ಬಿಡ್ತೀನಿ," ಎನ್ನುತ್ತಾ ಗಂಟು ಬಿಚ್ಚಿದ.

"ಅಪ್ಪಾ, ಬಿಚ್ಕೊಂಡ!" ಎಂದು ಕೂಗಿದೆ.

ಅಪ್ಪನ ರೂಲುದೊಣ್ಣೆಯಿಂದ ಎಷ್ಟು ಏಟು ಬಿತ್ತೋ ಗೊತ್ತಿಲ್ಲ. ಆಮೇಲೆ ಅಣ್ಣ ಕತ್ತಲಾಗುವವರೆಗೂ ಅಲ್ಲಾಡದೆ ಕುಳಿತ.

"ಸದ್ಯ, ಈಗಲಾದ್ರೂ ಬುದ್ಧಿ ಬಂತು," ಎಂದರು ಅಮ್ಮ. ಅಪ್ಪ ನನಗೊಂದು ಪೆಪ್ಪರಮೆಂಟು ಕೊಟ್ಟರು. ಅಣ್ಣನ ಎದುರಿಗೇ ನಿಂತು ನಾನು ಅದನ್ನು ಚೀಪಿದೆ.