ಅಂಗೈ ಕೆಂಪಾದಾಗ

ಸಿಟ್ಟು ಏರಿದರೆ ಅಂಗೈ ಕೆಂಡದಂತೆ ಹೊಳೆಯುವುದು ಆ ಓಣಿಯಲ್ಲಿ ಯಾರಿಗೂ ಹೊಸದಲ್ಲ. ಕೈ ಕೆಂಪಾದವರು ಕೂಸನ್ನು ಚಾಪೆಯ ಮೇಲೆ ಮಲಗಿಸಿ ಹೊರಗೆ ಕಟ್ಟೆಗೆ ಬಂದು ಕೂರಬೇಕು, ಕಂಡವರು ಒಳಗೆ ಹೋಗಿ ಕೂಸನ್ನು ಎತ್ತಿಕೊಳ್ಳಬೇಕು.

ಹೆಂಡತಿ ಕೆಲಸಕ್ಕೆ ಹೋದಾಗಿನಿಂದ ಮೌನೇಶನ ಮಗಳು ಅಳುತ್ತಲೇ ಇದ್ದಳು. ಹಾಲು ಕುಡಿಸಿದ, ಬಟ್ಟೆ ಬದಲಿಸಿದ, ತೊಟ್ಟಿಲು ತೂಗಿದ, ಅವಳು ಯಾವುದಕ್ಕೂ ಬಗ್ಗಲಿಲ್ಲ. ಹಿಡಿದು ಅಲುಗಾಡಿಸಿಬಿಡಬೇಕು ಅನ್ನಿಸಿದ್ದೇ ತಡ, ಅವಳ ಕೆನ್ನೆಯ ಮೇಲೆ ಅವನ ಕೈಯ ಕೆಂಪು ಬೆಳಕು ಬಿತ್ತು. ನಾಚಿಕೆಯಾಗಿ, ಗೂಟಕ್ಕೆ ತೂಗುಹಾಕಿದ್ದ ತನ್ನ ವೆಲ್ಡಿಂಗ್ ಕೈಗವಸಿನತ್ತ ನೋಡಿದ. ಅವನಪ್ಪ ಅಂಗೈಯ ಕೆಂಪು ಯಾರಿಗೂ ಕಾಣದಂತೆ ಗವಸು ಹಾಕಿಕೊಂಡೇ ಅವನನ್ನು ಬಡಿಯುತ್ತಿದ್ದ.

ಮೌನೇಶ ಮಗಳನ್ನು ಚಾಪೆಯ ಮೇಲೆ ಮಲಗಿಸಿ ಹೊರಬಂದ.

"ಏನೋ ತಮ್ಮಾ, ಹಾಡಹಗಲೇ ಕಂದೀಲು ಹಚ್ಚೀಯಲ್ಲ!" ಜೋಳ ಹಸನು ಮಾಡುತ್ತಿದ್ದ ಪಕ್ಕದ ಮನೆಯ ನೀಲವ್ವ ಮೊರ ಬದಿಗಿಟ್ಟು ಎದ್ದಳು.

"ನಾನೂ ನಮ್ಮಪ್ಪನ್ಹಂಗ ಆದ್ನೇನ, ಯಕ್ಕಾ?"

"ನಿಮ್ಮಪ್ಪ ಯಾವಾಗರೆ ಹೊರಗ ಬಂದು ಕುಂತಿದ್ನೇನು? ಸುಮ್ನ ಕೈ ಆರಿಸ್ಕೋ," ಎನ್ನುತ್ತ ಅವಳು ಒಳಗೆ ನಡೆದಳು.

ಅಳು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನ ಗೋಡೆಯ ಮೇಲೆ ಕೆಂಪು ಬೆಳಕು ಕಂಡಿತು. ಮೌನೇಶ ತಣ್ಣಗಾದ ಅಂಗೈ ಉಜ್ಜಿಕೊಂಡು ನಗುತ್ತ ಒಳಗೆ ಹೋದ.

"ತಾ ಯಕ್ಕಾ ಕೂಸನ್ನ. ಈಗ ನೀ ಹೋಗಿ ಕುಂದ್ರು."